ಮಾಡ್ಯೂಲ್ ಇದೆಯಾ ಅಂತ ಕೇಳುವ ಮೊದಲು, ಯಾವ ಪೈಥಾನ್‌ಗೆ ಅಂತ ಕೇಳಿ

ಪ್ರಶ್ನೆ: ಸರ್, ನಾನು ಮಂಡ್ಯದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಕೆಆರ್‌ಎಸ್ ನೀರಿನ ಮಟ್ಟವನ್ನು ದಿನಾ ಒಂದು ಸಿಎಸ್‌ವಿ ಫೈಲಿಗೆ ಬರೆದಿಡುತ್ತೇವೆ. ಅದನ್ನು ಓದಿ ಗ್ರಾಫ್ ಬಿಡಿಸುವ ಪೈಥಾನ್ ಪ್ರೋಗ್ರಾಂ ಒಂದನ್ನು ಮಕ್ಕಳ ಜೊತೆ ಸೇರಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಚೆನ್ನಾಗಿ ಓಡುತ್ತೆ. ಬೆಳಿಗ್ಗೆ 6 ಗಂಟೆಗೆ ತಾನಾಗೇ ಓಡಲಿ ಅಂತ ಕ್ರಾನ್‌ಗೆ ಹಾಕಿದರೆ ಲಾಗ್ ಫೈಲ್‌ನಲ್ಲಿ 'ನೋ ಮಾಡ್ಯೂಲ್ ನೇಮ್ಡ್ ಪಾಂಡಾಸ್' ಅಂತ ಬರುತ್ತೆ. ಪೈಥಾನ್ ಮಾಡ್ಯೂಲ್ ಹಾಕುವ ಪಿಪ್‌ಗೆ 'ಪಿಪ್ ಲಿಸ್ಟ್' ಅಂತ ಕೊಟ್ಟರೆ ಪಾಂಡಾಸ್ ಇದೆ! ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. ಇದೇ ಕಂಪ್ಯೂಟರಿನಲ್ಲಿ ನನಗಿಂತ ಮೊದಲಿದ್ದವರು ಬರೆದ ಪರ್ಲ್ ಸ್ಕ್ರಿಪ್ಟ್ ಒಂದಿದೆ. ಉಬುಂಟು 22.04 ಇದ್ದದ್ದನ್ನು 24.04 ಮಾಡಿದ ಮೇಲೆ ಅದೂ ನಿಂತುಹೋಗಿದೆ. ಒಂದು ಸಿಸ್ಟಮ್‌ನಲ್ಲಿ ಯಾವ ಯಾವ ಮಾಡ್ಯೂಲ್ ಇದೆ ಅಂತ ಪೂರ್ತಿ ಪಟ್ಟಿ ತೆಗೆಯುವುದು ಹೇಗೆ?

ಉತ್ತರ: ನಿಮ್ಮ ಪಿಪ್ ಸುಳ್ಳು ಹೇಳುತ್ತಿಲ್ಲ ಮೇಡಂ. ಕ್ರಾನ್ ಕೂಡ ಸುಳ್ಳು ಹೇಳುತ್ತಿಲ್ಲ. ಎರಡೂ ಬೇರೆ ಬೇರೆ ಪೈಥಾನ್ ಬಗ್ಗೆ ಮಾತಾಡುತ್ತಿವೆ, ಅಷ್ಟೆ.

ಮಂಡ್ಯ ಬಸ್ ನಿಲ್ದಾಣದಲ್ಲಿ ನಿಂತು 'ಹೊಸಹಳ್ಳಿಗೆ ಯಾವ ಬಸ್?' ಅಂತ ಕೇಳಿ ನೋಡಿ. 'ಯಾವ ಹೊಸಹಳ್ಳಿ?' ಅಂತಲೇ ಮೊದಲು ಕೇಳುತ್ತಾರೆ. ಆ ಹೆಸರಿನ ಊರು ನಮ್ಮ ಕಡೆ ಒಂದೆರಡಲ್ಲ. ನಿಮ್ಮ ಕಂಪ್ಯೂಟರಿನಲ್ಲಿ 'ಪೈಥಾನ್3' ಅನ್ನುವ ಹೆಸರೂ ಹಾಗೇ ಆಗಿದೆ. ಆದರೆ ಕಂಪ್ಯೂಟರ್ 'ಯಾವುದು?' ಅಂತ ತಿರುಗಿ ಕೇಳುವುದಿಲ್ಲ. ಕಮಾಂಡುಗಳನ್ನು ಯಾವ ಯಾವ ಫೋಲ್ಡರಿನಲ್ಲಿ ಹುಡುಕಬೇಕು ಅಂತ ಹೇಳುವ ಪಾತ್ ಅನ್ನುವ ಪಟ್ಟಿಯಲ್ಲಿ ಮೊದಲು ಸಿಕ್ಕಿದ ಹೊಸಹಳ್ಳಿಗೆ ಸುಮ್ನೆ ಕರೆದುಕೊಂಡು ಹೋಗಿ ಇಳಿಸಿಬಿಡುತ್ತೆ.

ಹಾಗಾಗಿ 'ಸಿಸ್ಟಮ್‌ನಲ್ಲಿ ಯಾವ ಮಾಡ್ಯೂಲ್ ಇದೆ' ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಮಾಡ್ಯೂಲ್, ಅಂದರೆ ಪ್ರೋಗ್ರಾಂ ಕರೆದು ಬಳಸುವ ಸಿದ್ಧ ಕೋಡ್, ಇರುವುದು ಸಿಸ್ಟಮ್‌ಗೆ ಅಲ್ಲ, ಒಂದೊಂದು ಪೈಥಾನ್‌ಗೆ. ಎಷ್ಟೋ ಸಲ ಒಂದೊಂದು ಬಳಕೆದಾರರಿಗೆ. ಪ್ರೋಗ್ರಾಂ ಓಡಿಸುವ ಪೈಥಾನ್ ಯಾವುದೋ, ಅದನ್ನೇ ಕೇಳಬೇಕು. ಬೇರೆಯದನ್ನು ಕೇಳಿ ಬಂದ ಪಟ್ಟಿ ಎಷ್ಟೇ ಉದ್ದ ಇದ್ದರೂ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಮುಂದೆ ಹೋಗುವ ಮೊದಲು ಒಂದು ಮಾತು. ಕಮಾಂಡುಗಳನ್ನು ಓದಿ ಹೇಳುವ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಅಡ್ಡಗೆರೆ, ಚುಕ್ಕಿ, ಉದ್ಧರಣ ಚಿಹ್ನೆ ಎಲ್ಲ ಹೇಗಿದೆಯೋ ಹಾಗೇ ಹಾಕಿ.

ಮೊದಲ ಕೆಲಸ ಇದು:

ಟೈಪ್ -ಎ ಪೈಥಾನ್3

ಪಾತ್‌ನಲ್ಲಿ ಈ ಹೆಸರಿನವು ಎಷ್ಟಿವೆ, ಯಾವ ಸರದಿಯಲ್ಲಿ ಸಿಗುತ್ತವೆ ಅಂತ ಇದು ತೋರಿಸುತ್ತೆ. ನಿಮ್ಮಲ್ಲಿ ಕನಿಷ್ಠ ಎರಡು ಸಾಲು ಬರುತ್ತೆ ಅಂತ ನೋಡದೆಯೇ ಹೇಳಬಲ್ಲೆ. ಯಾಕೆಂದರೆ ನೀವು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ಪ್ರಾಂಪ್ಟ್ ಮುಂದೆ ಕಂಸದೊಳಗೆ 'ಬೇಸ್' ಅಂತ ಇದೆ. ಅದು ಅನಕೊಂಡದ ಗುರುತು. ಅನಕೊಂಡ ಅಂದರೆ ಪೈಥಾನ್ ಜೊತೆಗೆ ಎಷ್ಟೋ ಮಾಡ್ಯೂಲ್‌ಗಳನ್ನು ಒಟ್ಟಿಗೆ ತರುವ ಕಟ್ಟು. ಯಾರೋ ಯಾವಾಗಲೋ ಅದನ್ನು ಹಾಕಿದ್ದಾರೆ. ಹಾಕುವಾಗ ಅದು ನಿಮ್ಮ ಹೋಮ್ ಫೋಲ್ಡರಿನ 'ಬ್ಯಾಶ್‌ಆರ್‌ಸಿ' ಫೈಲಿನಲ್ಲಿ ಕೆಲವು ಸಾಲು ಸೇರಿಸಿದೆ. ಟರ್ಮಿನಲ್ ತೆರೆದಾಗಲೆಲ್ಲ ಆ ಸಾಲುಗಳು ಓಡಿ ಅನಕೊಂಡದ ಪೈಥಾನ್ ಪಾತ್‌ನಲ್ಲಿ ಎಲ್ಲಕ್ಕಿಂತ ಮೊದಲು ಬಂದು ಕೂರುತ್ತೆ. ನಿಮ್ಮ ಪಿಪ್ ಅಲ್ಲಿಯದು. ಪಾಂಡಾಸ್ ಕೂಡ ಅಲ್ಲಿಯದು. ಅನಕೊಂಡ ಜೊತೆಗೆ ಪಾಂಡಾಸ್ ತಾನಾಗೇ ಬರುತ್ತೆ. ನೀವು ಅದನ್ನು ಯಾವತ್ತೂ ಹಾಕಿಯೇ ಇಲ್ಲದಿರಬಹುದು!

ಕ್ರಾನ್ ಬ್ಯಾಶ್‌ಆರ್‌ಸಿ ಓದುವುದಿಲ್ಲ. ಉಬುಂಟುವಿನಲ್ಲಿ ನಿಮ್ಮ ಸ್ವಂತ ಕ್ರಾನ್‌ಟ್ಯಾಬ್‌ಗೆ ಸಿಗುವ ಪಾತ್ ತುಂಬ ಚಿಕ್ಕದು: /ಯುಎಸ್‌ಆರ್/ಬಿನ್ ಮತ್ತು /ಬಿನ್, ಎರಡೇ. ಅಲ್ಲಿರುವುದು ಉಬುಂಟು ತನ್ನ ಜೊತೆ ತಂದ ಪೈಥಾನ್. 24.04ರಲ್ಲಿ ಅದು 3.12. ಅದಕ್ಕೆ ಪಾಂಡಾಸ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಅದು ಹೇಳಿದ್ದು ಸರಿಯೇ ಅಲ್ವಾ?

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ. ನೀವೇ ನೋಡಿ. ಪ್ರೋಗ್ರಾಂನ ಎಲ್ಲಕ್ಕಿಂತ ಮೇಲೆ, ಪಾಂಡಾಸ್ ಇಂಪೋರ್ಟ್ ಮಾಡುವ ಸಾಲಿಗೂ ಮೊದಲು, ಈ ಮೂರು ಸಾಲು ಹಾಕಿ:

ಇಂಪೋರ್ಟ್ ಸಿಸ್
ಪ್ರಿಂಟ್(ಸಿಸ್.ಎಕ್ಸಿಕ್ಯೂಟಬಲ್)
ಪ್ರಿಂಟ್(ಸಿಸ್.ಪಾತ್)

'ಸಿಸ್' ಅಂದರೆ ಎಸ್-ವೈ-ಎಸ್. ಎರಡನೇ ಸಾಲು 'ನಾನು ಯಾವ ಪೈಥಾನ್' ಅಂತ ಪೂರ್ತಿ ವಿಳಾಸ ಹೇಳುತ್ತೆ. ಮೂರನೆಯದು 'ಮಾಡ್ಯೂಲ್ ಹುಡುಕಲು ನಾನು ಯಾವ ಯಾವ ಫೋಲ್ಡರಿಗೆ ಹೋಗುತ್ತೇನೆ' ಅಂತ ಹೇಳುತ್ತೆ. ಟರ್ಮಿನಲ್‌ನಲ್ಲಿ ಒಮ್ಮೆ ಓಡಿಸಿ, ಕ್ರಾನ್‌ನಲ್ಲಿ ಒಮ್ಮೆ ಓಡಿಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮಾಡ್ಯೂಲ್ ಕಾಣುತ್ತಿಲ್ಲ ಅಂತ ಯಾರು ಬಂದರೂ ನಾನು ಮೊದಲು ಮಾಡಿಸುವುದು ಇದನ್ನೇ. ಮುಕ್ಕಾಲು ಪಾಲು ಕೇಸು ಇಲ್ಲೇ ಮುಗಿದುಹೋಗುತ್ತೆ.

ನಾಳೆ ಬೆಳಿಗ್ಗೆ 6ರ ತನಕ ಕಾಯಬೇಕಾಗಿಲ್ಲ. ಕ್ರಾನ್‌ನಂತಹ ಬರಿಗೈ ವಾತಾವರಣವನ್ನು ಈಗಲೇ ಮಾಡಿ ನೋಡಬಹುದು:

ಎನ್ವ್ -ಐ ಹೋಮ್=$ಹೋಮ್ ಪಾತ್=/ಯುಎಸ್‌ಆರ್/ಬಿನ್:/ಬಿನ್ ಪೈಥಾನ್3 -ಸಿ "ಇಂಪೋರ್ಟ್ ಪಾಂಡಾಸ್"

ಇಲ್ಲಿ ಹೋಮ್, ಪಾತ್ ಎರಡೂ ದೊಡ್ಡಕ್ಷರದಲ್ಲಿ. 'ಎನ್ವ್ -ಐ' ಅಂದರೆ ಟರ್ಮಿನಲ್ ಕಟ್ಟಿಕೊಂಡಿರುವ ಗಂಟುಮೂಟೆ ಎಲ್ಲ ಬಿಟ್ಟು ಹೊರಡು ಅಂತ. ಇದು ಲಾಗ್‌ನಲ್ಲಿ ಬಂದ ಅದೇ ಎರರ್ ಕೊಟ್ಟರೆ ರೋಗ ಗೊತ್ತಾಯಿತು ಅಂತ ಅರ್ಥ.

ಈಗ ಪಟ್ಟಿಯ ವಿಚಾರಕ್ಕೆ ಬರೋಣ. ಬರೀ 'ಪಿಪ್ ಲಿಸ್ಟ್' ಅಂತ ಬರೆಯುವ ಅಭ್ಯಾಸ ಬಿಟ್ಟುಬಿಡಿ. ಆ ಪಿಪ್ ಯಾವ ಪೈಥಾನ್‌ಗೆ ಸೇರಿದ್ದು ಅಂತ ಹೆಸರು ನೋಡಿ ಗೊತ್ತಾಗುವುದಿಲ್ಲ. ಹೀಗೆ ಬರೆಯಿರಿ:

ಪೈಥಾನ್3 -ಎಂ ಪಿಪ್ ಲಿಸ್ಟ್

'ಈ ಪೈಥಾನ್, ತನ್ನ ಪಿಪ್ ಅನ್ನು ಓಡಿಸಲಿ' ಅಂತ ಇದರರ್ಥ. ಮುಂದೆ ಪೂರ್ತಿ ವಿಳಾಸ ಹಾಕಿದರೆ ಇನ್ನೂ ಖಚಿತ:

/ಯುಎಸ್‌ಆರ್/ಬಿನ್/ಪೈಥಾನ್3 -ಎಂ ಪಿಪ್ ಲಿಸ್ಟ್

ಇದನ್ನು ಕೊಟ್ಟಾಗ ಪಿಪ್ ಅನ್ನುವ ಮಾಡ್ಯೂಲೇ ಇಲ್ಲ ಅಂತ ಬಂದರೂ ಗಾಬರಿಯಾಗಬೇಡಿ. ಉಬುಂಟು ಪಿಪ್ ಅನ್ನು ಬೇರೆ ಪ್ಯಾಕೇಜ್ ಮಾಡಿದೆ. 'ಪೈಥಾನ್3-ಪಿಪ್' ಅಂತ ಆಪ್ಟ್‌ನಿಂದ, ಅಂದರೆ ಉಬುಂಟು ಪ್ಯಾಕೇಜ್‌ಗಳನ್ನು ಹಾಕುವ ಕಮಾಂಡಿನಿಂದ, ಹಾಕಿಕೊಳ್ಳಬೇಕು.

ಒಂದೇ ಮಾಡ್ಯೂಲ್ ಬಗ್ಗೆ ತಿಳಿಯಬೇಕಾದರೆ 'ಲಿಸ್ಟ್' ಬದಲು 'ಶೋ ಪಾಂಡಾಸ್' ಅಂತ ಕೊಡಿ. ವರ್ಷನ್, ಕೂತಿರುವ ಫೋಲ್ಡರ್, ಅದು ಯಾವುದನ್ನು ನೆಚ್ಚಿಕೊಂಡಿದೆ, ಅದನ್ನು ಯಾರು ನೆಚ್ಚಿಕೊಂಡಿದ್ದಾರೆ ಎಲ್ಲ ಬರುತ್ತೆ. ಫೋಲ್ಡರ್ ಹೆಸರನ್ನು ಸ್ವಲ್ಪ ನಿಂತು ಓದಿ. ಅದೇ ಕಥೆ ಹೇಳುತ್ತೆ. /ಯುಎಸ್‌ಆರ್/ಲಿಬ್/ಪೈಥಾನ್3/ಡಿಸ್ಟ್-ಪ್ಯಾಕೇಜಸ್ ಅಂತ ಇದ್ದರೆ ಆಪ್ಟ್ ತಂದದ್ದು. ಹೋಮ್ ಫೋಲ್ಡರಿನ ಒಳಗೆ .ಲೋಕಲ್/ಲಿಬ್ ಅಂತ ಇದ್ದರೆ ಆ ಬಳಕೆದಾರರು ಮಾತ್ರ ತಮಗಾಗಿ ಹಾಕಿಕೊಂಡದ್ದು. ಅದು ರೂಟ್‌ಗೆ ಕಾಣುವುದಿಲ್ಲ, ಪಕ್ಕದ ಲಾಗಿನ್‌ಗೂ ಕಾಣುವುದಿಲ್ಲ. ಸುಡೋ ಹಾಕಿ, ಅಂದರೆ ಸಿಸ್ಟಮ್‌ನ ಯಜಮಾನ ರೂಟ್ ಆಗಿ, ಓಡಿಸಿದಾಗ ಮಾಡ್ಯೂಲ್ ಮಾಯ ಆಗುವುದು ಇದರಿಂದಲೇ.

ಆ .ಲೋಕಲ್ ಫೋಲ್ಡರಿನಲ್ಲಿ ಇನ್ನೊಂದು ಸಂಗತಿ ಇದೆ. ನಿಮಗೆ ಇದು ಬೇಕೇ ಬೇಕು, ಯಾಕೆಂದರೆ ಈಗ ತಾನೆ 22.04ರಿಂದ 24.04ಕ್ಕೆ ಬಂದಿದ್ದೀರಿ. 22.04ರ ಪೈಥಾನ್ 3.10. ಆಗ ಹಾಕಿದ ಮಾಡ್ಯೂಲ್‌ಗಳೆಲ್ಲ .ಲೋಕಲ್/ಲಿಬ್/ಪೈಥಾನ್3.10 ಅನ್ನುವ ಫೋಲ್ಡರಿನಲ್ಲಿ ಕೂತಿವೆ. ಹೊಸ ಪೈಥಾನ್ ನೋಡುವುದು ಪೈಥಾನ್3.12 ಅನ್ನುವ ಫೋಲ್ಡರನ್ನು. ಫೈಲುಗಳು ಡಿಸ್ಕ್‌ನಲ್ಲಿ ಹಾಗೇ ಇವೆ. ಫೈಲ್ ಮ್ಯಾನೇಜರ್‌ನಲ್ಲಿ ಕಣ್ಣಿಗೂ ಕಾಣುತ್ತವೆ. ಆದರೆ ಪೈಥಾನ್‌ಗೆ ಇಲ್ಲ. ಹಳೆ ಫೋಲ್ಡರಿನಿಂದ ಹೊಸದಕ್ಕೆ ಕಾಪಿ ಮಾಡಿಬಿಡೋಣ ಅಂತ ಅನ್ನಿಸುತ್ತೆ. ದಯವಿಟ್ಟು ಮಾಡಬೇಡಿ. ಪಾಂಡಾಸ್, ನಂಪೈ ಥರದವುಗಳ ಒಳಗೆ ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ ಭಾಗಗಳಿವೆ. ಅವು 3.10ಕ್ಕೆ ಅಂತಲೇ ಕಟ್ಟಿದವು. 3.12ರಲ್ಲಿ ಓಡುವುದಿಲ್ಲ. ಹೊಸದಾಗಿ ಹಾಕುವುದೇ ದಾರಿ.

ಪಿಪ್ ಪಟ್ಟಿಯಲ್ಲಿ ಯಾವುದು ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. ಪೈಥಾನ್ ಜೊತೆಗೇ ಹುಟ್ಟಿದ ಮಾಡ್ಯೂಲ್‌ಗಳು, ಅಂದರೆ ಸಿಎಸ್‌ವಿ, ಜೇಸನ್, ಮ್ಯಾತ್, ಡೇಟ್‌ಟೈಮ್ ಥರದವು, ಅಲ್ಲಿ ಕಾಣುವುದಿಲ್ಲ. ಪಿಪ್ ಲೆಕ್ಕ ಇಡುವುದು ಹೊರಗಿನಿಂದ ತಂದು ಹಾಕಿದ್ದನ್ನು ಮಾತ್ರ. ಲ್ಯಾಬ್‌ಗಳಲ್ಲಿ ಇದರಿಂದ ತುಂಬ ಒದ್ದಾಡುವುದು ಟಿಕಿಂಟರ್ ವಿಷಯದಲ್ಲಿ. ಪಟ್ಟಿಯಲ್ಲಿ ಇಲ್ಲ ಅಂತ 'ಪಿಪ್ ಇನ್‌ಸ್ಟಾಲ್ ಟಿಕಿಂಟರ್' ಕೊಡುತ್ತಾರೆ, ಅದು ಸಿಗುವುದಿಲ್ಲ. ಟಿಕಿಂಟರ್ ಪೈಥಾನ್‌ನ ಸ್ವಂತ ಮಾಡ್ಯೂಲೇ. ಆದರೆ ಉಬುಂಟು ಅದನ್ನು ಬೇರೆ ಮಾಡಿ 'ಪೈಥಾನ್3-ಟಿಕೆ' ಅನ್ನುವ ಆಪ್ಟ್ ಪ್ಯಾಕೇಜ್‌ನಲ್ಲಿ ಇಟ್ಟಿದೆ. ಅದನ್ನು ಹಾಕಿದರೆ ಆಯಿತು. ಹಾಕಿದ ಮೇಲೂ ಪಿಪ್ ಪಟ್ಟಿಯಲ್ಲಿ ಅದು ಕಾಣುವುದಿಲ್ಲ, ಹುಡುಕಬೇಡಿ.

ಹುಟ್ಟಿದವು, ತಂದವು ಎರಡೂ ಸೇರಿದ ಪೂರ್ತಿ ಪಟ್ಟಿ ಬೇಕೇ ಬೇಕು ಅಂದರೆ ಪೈಥಾನ್ ಒಳಗೆ ಹೋಗಿ ಹೀಗೆ ಕೊಡಿ:

ಹೆಲ್ಪ್('ಮಾಡ್ಯೂಲ್ಸ್')

ನೀವು ಕೇಳಿದ ಪ್ರಶ್ನೆಗೆ ಅಕ್ಷರಶಃ ಉತ್ತರ ಇದೇ. ಆದರೂ ನಾನಿದನ್ನು ಬಳಸುವುದು ಕಡಿಮೆ. ಪಟ್ಟಿ ತಯಾರಿಸುವಾಗ ಅದು ಎಷ್ಟೋ ಪ್ಯಾಕೇಜ್‌ಗಳನ್ನು ನಿಜವಾಗಿಯೂ ಇಂಪೋರ್ಟ್ ಮಾಡುತ್ತೆ. ಇಂಪೋರ್ಟ್ ಅಂದರೆ ಅದರೊಳಗಿನ ಕೋಡ್ ಓಡಿತು ಅಂತಲೇ. ತಡ ಆಗುತ್ತೆ, ಎಲ್ಲೆಲ್ಲಿಂದಲೋ ಎಚ್ಚರಿಕೆ ಸಾಲುಗಳು ಉದುರುತ್ತವೆ. ಅನಕೊಂಡದಲ್ಲಂತೂ ಕಾದು ಕಾದು ಸಾಕಾಗುತ್ತೆ. ಓಡಿಸದೆ, ಬರೀ ಇದೆಯೋ ಇಲ್ಲವೋ ಅಂತ ನೋಡಲು ಇದು ಒಳ್ಳೆಯದು:

ಪೈಥಾನ್3 -ಸಿ "ಇಂಪೋರ್ಟ್ ಇಂಪೋರ್ಟ್‌ಲಿಬ್.ಯುಟಿಲ್; ಪ್ರಿಂಟ್(ಇಂಪೋರ್ಟ್‌ಲಿಬ್.ಯುಟಿಲ್.ಫೈಂಡ್_ಸ್ಪೆಕ್('ಪಾಂಡಾಸ್'))"

ಇದ್ದರೆ ಫೈಲಿನ ವಿಳಾಸ ಬರುತ್ತೆ. ಇಲ್ಲದಿದ್ದರೆ 'ನನ್' ಅಂತ ಬರುತ್ತೆ.

ಈ ವಿಳಾಸ ನೋಡುವುದರಿಂದ ಇನ್ನೊಂದು ಕಳ್ಳ ಸಿಕ್ಕಿಬೀಳುತ್ತಾನೆ. ಮಕ್ಕಳು ಅಭ್ಯಾಸಕ್ಕೆ ಬರೆದ ಫೈಲಿಗೆ 'ರ‍್ಯಾಂಡಮ್.ಪಿವೈ' ಅಂತಲೋ 'ಸಿಎಸ್‌ವಿ.ಪಿವೈ' ಅಂತಲೋ ಹೆಸರಿಟ್ಟು ಅದೇ ಫೋಲ್ಡರಿನಲ್ಲಿ ಇಟ್ಟಿರುತ್ತಾರೆ. ಪೈಥಾನ್ ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಹುಡುಕುವುದು ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ. ಹಾಗಾಗಿ ನಿಜವಾದ ಸಿಎಸ್‌ವಿ ಮಾಡ್ಯೂಲ್ ಬದಲು ಮಕ್ಕಳ ಫೈಲು ಒಳಗೆ ಬಂದುಬಿಡುತ್ತೆ. ಆಮೇಲೆ 'ರೀಡರ್ ಅನ್ನುವುದು ಇಲ್ಲ' ಅಂತ ಎರರ್. ಮಗು ಪಾಪ ಗಂಟೆಗಟ್ಟಲೆ ಕೂತು ಒದ್ದಾಡುತ್ತೆ. ನಿಮ್ಮ ಪ್ರೋಗ್ರಾಂ ಕೂಡ ಸಿಎಸ್‌ವಿ ಓದುವುದರಿಂದ ಆ ಫೋಲ್ಡರನ್ನು ಒಮ್ಮೆ ನೋಡಿಬಿಡಿ.

ಹೆಸರಿನ ಗೊಂದಲ ಇನ್ನೊಂದು ಥರದ್ದೂ ಇದೆ. ಹಾಕುವಾಗಿನ ಹೆಸರೇ ಬೇರೆ, ಕರೆಯುವಾಗಿನ ಹೆಸರೇ ಬೇರೆ. ನಮ್ಮ ಮನೆಗಳಲ್ಲಿ ಶಾಲೆಯ ರಿಜಿಸ್ಟರಿನಲ್ಲಿ ಒಂದು ಹೆಸರು, ಮನೆಯಲ್ಲಿ ಪುಟ್ಟಿ ಅಂತಲೋ ಚಿನ್ನು ಅಂತಲೋ ಇರುವುದಿಲ್ಲವಾ, ಹಾಗೆ. ಹಾಕುವುದು ಪಿಲ್ಲೋ, ಇಂಪೋರ್ಟ್ ಮಾಡುವುದು ಪಿಐಎಲ್. ಹಾಕುವುದು ಓಪನ್‌ಸಿವಿ-ಪೈಥಾನ್, ಇಂಪೋರ್ಟ್ ಮಾಡುವುದು ಸಿವಿ2. ಹಾಕುವುದು ಸೈಕಿಟ್-ಲರ್ನ್, ಇಂಪೋರ್ಟ್ ಮಾಡುವುದು ಎಸ್‌ಕೆಲರ್ನ್. ಬ್ಯೂಟಿಫುಲ್‌ಸೂಪ್4 ಅನ್ನುವುದು ಬಿಎಸ್4 ಆಗುತ್ತೆ, ಪೈಯಾಮಲ್ ಅನ್ನುವುದು ಯಾಮಲ್ ಆಗುತ್ತೆ. ಪಿಪ್ ಪಟ್ಟಿಯಲ್ಲಿ ಸಿವಿ2 ಅಂತ ಹುಡುಕಿದರೆ ಎಷ್ಟು ಜನ್ಮ ಕಳೆದರೂ ಸಿಗುವುದಿಲ್ಲ. ಇದರಲ್ಲಿ ಒಂದು ಅಪಾಯವೂ ಇದೆ. ಆರ್ಡುಯಿನೊ ಜೊತೆ ಮಾತಾಡಲು ಬೇಕಾದದ್ದು ಪೈಸೀರಿಯಲ್. ಅದರ ಇಂಪೋರ್ಟ್ ಹೆಸರು ಸೀರಿಯಲ್. ಎರರ್‌ನಲ್ಲಿ ಕಂಡ ಹೆಸರನ್ನೇ ನಂಬಿ 'ಪಿಪ್ ಇನ್‌ಸ್ಟಾಲ್ ಸೀರಿಯಲ್' ಕೊಟ್ಟರೆ, ಆ ಹೆಸರಿನ ಸಂಬಂಧವೇ ಇಲ್ಲದ ಬೇರೆ ಪ್ಯಾಕೇಜ್ ಬಂದು ಕೂರುತ್ತೆ. ಎರರ್‌ನಲ್ಲಿ ಕಂಡ ಹೆಸರನ್ನು ಹಾಗೇ ಪಿಪ್‌ಗೆ ಕೊಡಬೇಡಿ ಅಂತ ಮಕ್ಕಳಿಗೆ ಒತ್ತಿ ಹೇಳಿ. ಹೆಸರನ್ನು ಸ್ವಲ್ಪ ತಿರುಚಿ ಕೆಟ್ಟ ಕೋಡ್ ಹಾಕಿಟ್ಟು ಕಾಯುವವರೂ ಇದ್ದಾರೆ. ಯಾವ ಇಂಪೋರ್ಟ್ ಹೆಸರು ಯಾವ ಪ್ಯಾಕೇಜ್‌ಗೆ ಸೇರಿದ್ದು ಅಂತ ಪೈಥಾನ್ ಅನ್ನೇ ಕೇಳಬಹುದು. 3.10ರಿಂದ ಈಚೆಗೆ ಇಂಪೋರ್ಟ್‌ಲಿಬ್.ಮೆಟಾಡೇಟಾ ಒಳಗೆ 'ಪ್ಯಾಕೇಜಸ್_ಡಿಸ್ಟ್ರಿಬ್ಯೂಷನ್ಸ್' ಅನ್ನುವ ಫಂಕ್ಷನ್ ಇದೆ. ಅದು ಎರಡೂ ಹೆಸರನ್ನು ಜೋಡಿ ಮಾಡಿ ಕೊಡುತ್ತೆ.

ಇಷ್ಟು ಗೊತ್ತಾದ ಮೇಲೆ ನಿಮಗೆ ಅನ್ನಿಸಬಹುದು: ಹಾಗಾದರೆ ಸುಡೋ ಹಾಕಿ ಸಿಸ್ಟಮ್ ಪೈಥಾನ್‌ಗೇ ಪಾಂಡಾಸ್ ಹಾಕಿಬಿಟ್ಟರೆ ಆಯಿತಲ್ಲ? ಅಥವಾ ಸಿಸ್ಟಮ್‌ನ ಪೈಥಾನ್3 ಅನ್ನುವ ಹೆಸರನ್ನೇ ಅನಕೊಂಡದ ಕಡೆ ತಿರುಗಿಸಿಬಿಟ್ಟರೆ? ಬೇಡ ಅಂತ ಯಾಕೆ ಹೇಳುತ್ತೇನೆ ಅಂದರೆ, ನಾನು ಅದನ್ನು ಮಾಡಿ ಅನುಭವಿಸಿದ್ದೇನೆ.

ಕೆಲವು ವರ್ಷದ ಹಿಂದೆ ಇಲ್ಲೇ ಮೈಸೂರಿನಲ್ಲಿ ಒಂದು ಕಚೇರಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಉಬುಂಟು 18.04 ಇತ್ತು. ಅದರ ಪೈಥಾನ್ 3.6. ಹೊಸ ಮಾಡ್ಯೂಲ್ ಒಂದಕ್ಕೆ ಅದಕ್ಕಿಂತ ಹೊಸ ಪೈಥಾನ್ ಬೇಕಿತ್ತು. ಆಯುಧಪೂಜೆಯ ಹಿಂದಿನ ಸಂಜೆ. ಎಲ್ಲ ಕಂಪ್ಯೂಟರ್ ಒರೆಸಿ ಅರಿಶಿನ ಕುಂಕುಮ ಇಡಲು ತಯಾರಿ ಮಾಡುತ್ತಿದ್ದರು. ಅಷ್ಟರೊಳಗೆ ಮುಗಿಸಿಬಿಡೋಣ ಅಂತ ಹೊಸ ಪೈಥಾನ್ ಹಾಕಿ, /ಯುಎಸ್‌ಆರ್/ಬಿನ್/ಪೈಥಾನ್3 ಅನ್ನುವ ಕೊಂಡಿಯನ್ನು ಅದಕ್ಕೆ ತಿರುಗಿಸಿದೆ. ನನ್ನ ಪ್ರೋಗ್ರಾಂ ಓಡಿತು. ಅದಾದ ಮೇಲೆ ಟರ್ಮಿನಲ್ ಮುಚ್ಚಿದ್ದು ಮತ್ತೆ ತೆರೆಯಲೇ ಇಲ್ಲ. ಆ ಟರ್ಮಿನಲ್ ತೆರೆಯುವ ಕೆಲಸವನ್ನೇ ಒಂದು ಪೈಥಾನ್ ಸ್ಕ್ರಿಪ್ಟ್ ಮಾಡುತ್ತಿತ್ತು. ಆಪ್ಟ್ ಕೂಡ 'ಆಪ್ಟ್_ಪಿಕೆಜಿ ಅನ್ನುವ ಮಾಡ್ಯೂಲ್ ಇಲ್ಲ' ಅಂತ ದೂರತೊಡಗಿತು. ಆ ಮಾಡ್ಯೂಲ್ ಇತ್ತು, 3.6ಕ್ಕೆ ಕಟ್ಟಿದ್ದು ಇತ್ತು, ಹೊಸ ಪೈಥಾನ್‌ಗೆ ಆಗುತ್ತಿರಲಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಕಪ್ಪು ಪರದೆಗೆ ಹೋಗಿ ಕೊಂಡಿಯನ್ನು ಹಳೆಯದಕ್ಕೇ ತಿರುಗಿಸಿದಾಗ ರಾತ್ರಿ ಒಂಬತ್ತಾಗಿತ್ತು. ಪೂಜೆಗೆ ಕಾದವರಿಗೆಲ್ಲ ತಡವಾಯಿತು. ಅವರು ಒಂದು ಮಾತೂ ಅನ್ನಲಿಲ್ಲ. ನನಗೇ ತುಂಬ ಬೇಜಾರಾಯಿತು.

ಸಿಸ್ಟಮ್‌ನ ಪೈಥಾನ್ ನಮ್ಮದಲ್ಲ, ಉಬುಂಟುವಿನದು. ಅದನ್ನು ನೆಚ್ಚಿಕೊಂಡು ಉಬುಂಟು ತನ್ನ ಎಷ್ಟೋ ಕೆಲಸ ಮಾಡಿಕೊಳ್ಳುತ್ತೆ. ಈಗ 24.04ರಲ್ಲಿ ಅದಕ್ಕೆ ನೇರವಾಗಿ ಪಿಪ್ ಇನ್‌ಸ್ಟಾಲ್ ಕೊಟ್ಟರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್' ಅಂತ ತಡೆಯುತ್ತೆ. ತುಂಬ ಜನ ಅದನ್ನು ಕಾಟ ಅಂದುಕೊಂಡು 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಅನ್ನುವ ಆಯ್ಕೆ ಹಾಕಿ ದಾಟಿ ಹೋಗುತ್ತಾರೆ. ಆಯ್ಕೆಯ ಹೆಸರಲ್ಲೇ ಏನಾಗುತ್ತೆ ಅಂತ ಬರೆದಿದೆ. ಆ ತಡೆ ಹಾಕಿದವರು ನನ್ನಂತಹವರನ್ನು ಕಾಪಾಡಲೆಂದೇ ಹಾಕಿದ್ದಾರೆ.

ನಿಮ್ಮ ಕೆಲಸಕ್ಕೆ ಸರಿಯಾದ ದಾರಿ ವೆನ್ವ್. ಒಂದು ಪ್ರಾಜೆಕ್ಟ್‌ಗೆ ಅದರದ್ದೇ ಒಂದು ಪೈಥಾನ್ ಮನೆ. 2012ರ ಪೈಥಾನ್ 3.3ರಿಂದಲೂ ಇದು ಇದೆ. ಉಬುಂಟುವಿನಲ್ಲಿ ಮೊದಲು 'ಪೈಥಾನ್3-ವೆನ್ವ್' ಅನ್ನುವ ಪ್ಯಾಕೇಜ್ ಹಾಕಬೇಕು:

ಸುಡೋ ಆಪ್ಟ್ ಇನ್‌ಸ್ಟಾಲ್ ಪೈಥಾನ್3-ವೆನ್ವ್
/ಯುಎಸ್‌ಆರ್/ಬಿನ್/ಪೈಥಾನ್3 -ಎಂ ವೆನ್ವ್ ~/ಕೆಆರ್‌ಎಸ್-ವೆನ್ವ್
~/ಕೆಆರ್‌ಎಸ್-ವೆನ್ವ್/ಬಿನ್/ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್ ಪಾಂಡಾಸ್ ಮ್ಯಾಟ್‌ಪ್ಲಾಟ್‌ಲಿಬ್

ಎರಡನೇ ಸಾಲಿನಲ್ಲಿ ಪೂರ್ತಿ ವಿಳಾಸ ಬರೆದದ್ದು ಬೇಕಂತಲೇ. ನಿಮ್ಮ ಟರ್ಮಿನಲ್‌ನಲ್ಲಿ ಬರೀ 'ಪೈಥಾನ್3' ಅಂದರೆ ಅನಕೊಂಡದ್ದು ಬಂದುಬಿಡುತ್ತೆ. ಆಗ ವೆನ್ವ್ ಕೂಡ ಅದರ ಮೇಲೇ ನಿಲ್ಲುತ್ತೆ. ನಾಳೆ ಯಾರಾದರೂ ಅನಕೊಂಡ ಅಳಿಸಿದರೆ ನಿಮ್ಮ ಗ್ರಾಫ್ ನಿಲ್ಲುತ್ತೆ.

ಕ್ರಾನ್‌ಟ್ಯಾಬ್‌ನಲ್ಲಿ ಹೀಗೆ ಬರೆಯಿರಿ. ನಿಮ್ಮ ಲಾಗಿನ್ ಹೆಸರು 'ಲ್ಯಾಬ್' ಅಂತ ಇಟ್ಟುಕೊಂಡಿದ್ದೇನೆ:

0 6 * * * /ಹೋಮ್/ಲ್ಯಾಬ್/ಕೆಆರ್‌ಎಸ್-ವೆನ್ವ್/ಬಿನ್/ಪೈಥಾನ್ /ಹೋಮ್/ಲ್ಯಾಬ್/ಕೆಆರ್‌ಎಸ್/ಗ್ರಾಫ್.ಪಿವೈ >> /ಹೋಮ್/ಲ್ಯಾಬ್/ಕೆಆರ್‌ಎಸ್/ಲಾಗ್.ಟಿಎಕ್ಸ್‌ಟಿ 2>&1

'ಆಕ್ಟಿವೇಟ್' ಮಾಡುವ ಗೋಜೇ ಬೇಡ. ವೆನ್ವ್ ಒಳಗಿನ ಪೈಥಾನ್ ಅನ್ನು ಪೂರ್ತಿ ವಿಳಾಸದಿಂದ ಕರೆದರೆ ತನ್ನ ಮಾಡ್ಯೂಲ್‌ಗಳು ಎಲ್ಲಿವೆ ಅಂತ ಅದಕ್ಕೇ ಗೊತ್ತಿರುತ್ತೆ.

ಇದಾದ ಮೇಲೆ ಇನ್ನೊಂದು ಎರರ್ ಬರುವ ಸಾಧ್ಯತೆ ಇದೆ: ಸಿಎಸ್‌ವಿ ಫೈಲ್ ಸಿಗಲಿಲ್ಲ ಅಂತ. ನಿಮ್ಮ ಕ್ರಾನ್ ಕೆಲಸ ಶುರು ಮಾಡುವುದು ಹೋಮ್ ಫೋಲ್ಡರಿನಿಂದ, ಪ್ರೋಗ್ರಾಂ ಇರುವ ಫೋಲ್ಡರಿನಿಂದ ಅಲ್ಲ. ಪ್ರೋಗ್ರಾಂ ಒಳಗೆ ಬರೀ 'ಮಟ್ಟ.ಸಿಎಸ್‌ವಿ' ಅಂತ ಇದ್ದರೆ ಅದನ್ನೂ ಪೂರ್ತಿ ವಿಳಾಸ ಮಾಡಿ. ಗ್ರಾಫ್ ಉಳಿಸುವ ಫೈಲಿನ ಹೆಸರಿಗೂ ಇದೇ ಮಾತು. ಹಾಗೇ, ಗ್ರಾಫ್‌ನಲ್ಲಿ 124.80 ಅಡಿಗೆ ಒಂದು ಅಡ್ಡಗೆರೆ ಎಳೆದಿಲ್ಲ ಅಂದರೆ ಎಳೆಸಿ. ಕಟ್ಟೆ ತುಂಬಲು ಇನ್ನೆಷ್ಟು ಅಂತ ಕಣ್ಣಿಗೆ ಕಾಣುತ್ತೆ. ಮಂಡ್ಯದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಲೆಕ್ಕ ಬೇರೆ ಬೇಕಾ?

ಇನ್ನು ಪರ್ಲ್. ನೀವು ಕಳಿಸಿದ ಎರರ್‌ನ ತಿರುಳು ಇದು: ಟೆಕ್ಸ್ಟ್ ಫೋಲ್ಡರಿನ ಸಿಎಸ್‌ವಿ.ಪಿಎಂ ಅನ್ನುವ ಫೈಲು @ಐಎನ್‌ಸಿಯಲ್ಲಿ ಸಿಗಲಿಲ್ಲ. ಪೈಥಾನ್‌ಗೆ ಸಿಸ್.ಪಾತ್ ಹೇಗೋ ಪರ್ಲ್‌ಗೆ @ಐಎನ್‌ಸಿ ಹಾಗೆ. 'ಪರ್ಲ್ -ವಿ' ಕೊಡಿ, ವಿ ದೊಡ್ಡಕ್ಷರ. ಕೊನೆಯಲ್ಲಿ ಆ ಫೋಲ್ಡರುಗಳ ಪಟ್ಟಿ ಬರುತ್ತೆ. ಒಂದು ಮಾಡ್ಯೂಲ್ ಇದೆಯಾ ಅಂತ ನೋಡಲು:

ಪರ್ಲ್ -ಎಂಟೆಕ್ಸ್ಟ್::ಸಿಎಸ್‌ವಿ -ಇ 1

ಮೊದಲ ಎಂ ದೊಡ್ಡಕ್ಷರ. ಅದಕ್ಕೂ ಮಾಡ್ಯೂಲ್ ಹೆಸರಿಗೂ ನಡುವೆ ಜಾಗ ಬಿಡಬೇಡಿ. ಪರ್ಲ್‌ನಲ್ಲಿ ಮಾಡ್ಯೂಲ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರ ಸ್ಕ್ರಿಪ್ಟ್‌ನಲ್ಲಿ ಇದ್ದ ಹಾಗೇ ಇರಬೇಕು. ಏನೂ ಹೇಳದೆ ಸುಮ್ಮನೆ ವಾಪಸ್ ಬಂದರೆ ಇದೆ ಅಂತ. ಇಲ್ಲದಿದ್ದರೆ ಅದೇ ಎರರ್ ಬರುತ್ತೆ. ಪರ್ಲ್ ವಿಷಯದಲ್ಲಿ ನಾನು ಹೆಚ್ಚಾಗಿ ನೆಚ್ಚಿಕೊಂಡಿರುವುದು ಈ ಒಂದು ಸಾಲನ್ನೇ.

ಪಟ್ಟಿಯೇ ಬೇಕಾದರೆ 'ಸಿಪ್ಯಾನ್ -ಎಲ್' ಇದೆ. ಪೈಥಾನ್‌ಗೆ ಪಿಪ್ ಹೇಗೋ ಪರ್ಲ್‌ಗೆ ಸಿಪ್ಯಾನ್ ಹಾಗೆ. @ಐಎನ್‌ಸಿಯಲ್ಲಿ ಸಿಕ್ಕ ಮಾಡ್ಯೂಲ್‌ಗಳನ್ನೆಲ್ಲ ವರ್ಷನ್ ಸಮೇತ ಸುರಿಯುತ್ತೆ. 'ಪರ್ಲ್‌ಡಾಕ್ ಪರ್ಲ್‌ಲೋಕಲ್' ಕೊಡಿ ಅಂತ ಹಳೆಯ ಪುಸ್ತಕಗಳಲ್ಲಿ ಇರುತ್ತೆ. ಅದನ್ನು ನಂಬಿ ಕೂರಬೇಡಿ. ಕೈಯಾರೆ ಸಿಪ್ಯಾನ್‌ನಿಂದ ಹಾಕಿದವು ಮಾತ್ರ ಅಲ್ಲಿ ದಾಖಲಾಗುತ್ತವೆ. ಆಪ್ಟ್ ತಂದವು ಅಲ್ಲಿ ಬರುವುದಿಲ್ಲ. ಉಬುಂಟುವಿನಲ್ಲಿ ಪರ್ಲ್ ಮಾಡ್ಯೂಲ್‌ಗಳು ಬಹುಪಾಲು ಆಪ್ಟ್ ಮೂಲಕವೇ ಬರುವುದರಿಂದ ಅದರ ಲೆಕ್ಕ ಅರ್ಧಂಬರ್ಧ. ಆಪ್ಟ್ ತಂದವನ್ನು ನೋಡಲು:

ಡಿಪಿಕೆಜಿ -ಎಲ್ 'ಲಿಬ್*-ಪರ್ಲ್'

ಪರ್ಲ್‌ನ ಮಾಡ್ಯೂಲ್ ಟೆಕ್ಸ್ಟ್::ಸಿಎಸ್‌ವಿ ಆದರೆ ಆಪ್ಟ್ ಹೆಸರು ಲಿಬ್‌ಟೆಕ್ಸ್ಟ್-ಸಿಎಸ್‌ವಿ-ಪರ್ಲ್. ಡಿಬಿಐ ಆದರೆ ಲಿಬ್‌ಡಿಬಿಐ-ಪರ್ಲ್. ಸೂತ್ರ ಒಂದೇ. ಪೈಥಾನ್ ಹೆಸರಿನ ಗೊಂದಲಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ. ಪಟ್ಟಿಯ ಎಡತುದಿಯಲ್ಲಿ 'ಐಐ' ಅಂತ ಇರುವವು ಮಾತ್ರ ಸರಿಯಾಗಿ ಕೂತಿರುವವು.

ನಿಮ್ಮ ಸ್ಕ್ರಿಪ್ಟ್ ನಿಂತದ್ದಕ್ಕೂ ಕಾರಣ ಅದೇ ಉಬುಂಟು ಬದಲಾವಣೆ. 22.04ರ ಪರ್ಲ್ 5.34, 24.04ರದ್ದು 5.38. ಹಿಂದಿನವರು ಸಿಪ್ಯಾನ್‌ನಿಂದ ಹಾಕಿದ್ದರೆ ಅದು 5.34ರ ಹೆಸರಿನ ಫೋಲ್ಡರಿನಲ್ಲಿ ಉಳಿದಿದೆ, 5.38 ಅತ್ತ ನೋಡುವುದಿಲ್ಲ. ಆಪ್ಟ್‌ನಿಂದ ಲಿಬ್‌ಟೆಕ್ಸ್ಟ್-ಸಿಎಸ್‌ವಿ-ಪರ್ಲ್ ಹಾಕಿ. ಒಂದು ನಿಮಿಷದ ಕೆಲಸ. ಸಿಪ್ಯಾನ್‌ಗೆ ಹೋಗುವ ಮೊದಲು ಆಪ್ಟ್‌ನಲ್ಲಿ ಇದೆಯಾ ನೋಡುವುದು ನನ್ನ ಪದ್ಧತಿ. ಮುಂದಿನ ಸಲ ಉಬುಂಟು ಬದಲಾದಾಗ ಆಪ್ಟ್ ತಂದದ್ದು ಜೊತೆಗೇ ಬದಲಾಗಿ ಬರುತ್ತೆ.

ಅದಾದ ಮೇಲೂ ಸ್ಕ್ರಿಪ್ಟ್ ಅದರ ಪಕ್ಕದಲ್ಲೇ ಇರುವ ಇನ್ನೊಂದು .ಪಿಎಂ ಫೈಲು ಸಿಗಲಿಲ್ಲ ಅಂದರೆ ಆಶ್ಚರ್ಯಪಡಬೇಡಿ. ತುಂಬ ಹಳೆಯ ಸ್ಕ್ರಿಪ್ಟ್‌ಗಳಿಗೆ ಹೀಗಾಗುತ್ತೆ. ಮೊದಲೆಲ್ಲ ಪರ್ಲ್ 'ಈಗ ನಿಂತಿರುವ ಫೋಲ್ಡರ್' ಅನ್ನೂ ಹುಡುಕುತ್ತಿತ್ತು. ಯಾರಾದರೂ ಅಲ್ಲಿ ಕೆಟ್ಟ ಫೈಲು ಇಟ್ಟರೆ ಅಪಾಯ ಅಂತ 2017ರ 5.26ರಿಂದ ಅದನ್ನು ತೆಗೆದುಬಿಟ್ಟರು. ಸ್ಕ್ರಿಪ್ಟ್‌ನ ಮೇಲ್ಗಡೆ ಈ ಎರಡು ಸಾಲು ಸೇರಿಸಿದರೆ ಸರಿಹೋಗುತ್ತೆ:

ಯೂಸ್ ಫೈಂಡ್‌ಬಿನ್;
ಯೂಸ್ ಲಿಬ್ $ಫೈಂಡ್‌ಬಿನ್::ಬಿನ್;

ಇಲ್ಲಿ ಫೈಂಡ್‌ಬಿನ್ ಪದದ ಎಫ್ ಮತ್ತು ಬಿ, ಕೊನೆಯ ಬಿನ್ ಪದದ ಬಿ ದೊಡ್ಡಕ್ಷರ.

ಬೇರೆ ಭಾಷೆಗಳ ಬಗ್ಗೆ ಎರಡು ಮಾತು, ಲ್ಯಾಬ್‌ನಲ್ಲಿ ಬೇಕಾಗುತ್ತೆ. ಪಿಎಚ್‌ಪಿಗೆ 'ಪಿಎಚ್‌ಪಿ -ಎಂ', ಆದರೆ ಅದು ಟರ್ಮಿನಲ್‌ನ ಪಿಎಚ್‌ಪಿ. ವೆಬ್ ಸರ್ವರ್ ಬಳಸುವ ಪಿಎಚ್‌ಪಿಗೆ ಬೇರೆ ಸೆಟ್ಟಿಂಗ್ ಫೈಲ್ ಇರುತ್ತೆ. ಅದನ್ನು ತಿಳಿಯಲು ಪಿಎಚ್‌ಪಿಇನ್‌ಫೋ() ಹಾಕಿದ ಪುಟವನ್ನು ಬ್ರೌಸರ್‌ನಲ್ಲೇ ತೆರೆಯಬೇಕು, ನೋಡಿದ ತಕ್ಷಣ ಆ ಪುಟ ಅಳಿಸಬೇಕು. ನೋಡ್‌ಗೆ 'ಎನ್‌ಪಿಎಂ ಎಲ್‌ಎಸ್', ಪ್ರಾಜೆಕ್ಟ್ ಫೋಲ್ಡರಿನ ಒಳಗೆ ನಿಂತು. ರೂಬಿಗೆ 'ಜೆಮ್ ಲಿಸ್ಟ್'. ಲ್ಯಾಬ್‌ನಲ್ಲಿ ವಿಂಡೋಸ್ ಇದ್ದರೆ 'ಪಿವೈ -0ಪಿ' ಕೊಡಿ. ಎಷ್ಟು ಪೈಥಾನ್ ಇವೆ, ಎಲ್ಲಿವೆ ಅಂತ ತೋರಿಸುತ್ತೆ. ಆಮೇಲೆ 'ಪಿವೈ -ಎಂ ಪಿಪ್ ಲಿಸ್ಟ್'.

ಗ್ರಾಫ್ ಸರಿಯಾಗಿ ಓಡತೊಡಗಿದ ದಿನವೇ ಇದೊಂದು ಮಾಡಿಡಿ:

~/ಕೆಆರ್‌ಎಸ್-ವೆನ್ವ್/ಬಿನ್/ಪೈಥಾನ್ -ಎಂ ಪಿಪ್ ಫ್ರೀಜ್ > ~/ಕೆಆರ್‌ಎಸ್/ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ

ಯಾವ ಮಾಡ್ಯೂಲ್, ಯಾವ ವರ್ಷನ್ ಅಂತ ಫೈಲಿನಲ್ಲಿ ಉಳಿಯುತ್ತೆ. ವೆನ್ವ್ ಕೂಡ ಪೈಥಾನ್ ವರ್ಷನ್‌ಗೆ ಕಟ್ಟಿಬಿದ್ದದ್ದು. ಮುಂದೆ ಉಬುಂಟು ಬದಲಾಯಿಸಿದಾಗ ಅದು ಮುರಿಯುತ್ತೆ. ಆಗ ಹಳೆ ಫೋಲ್ಡರ್ ಅಳಿಸಿ, ಹೊಸ ವೆನ್ವ್ ಮಾಡಿ, 'ಪಿಪ್ ಇನ್‌ಸ್ಟಾಲ್ -ಆರ್' ಮುಂದೆ ಈ ಫೈಲಿನ ಹೆಸರು ಕೊಟ್ಟರೆ ಎಲ್ಲ ಮತ್ತೆ ಬರುತ್ತೆ. ತುಂಬ ಹಳೆಯ ವರ್ಷನ್ ಹೊಸ ಪೈಥಾನ್‌ಗೆ ಆಗುವುದಿಲ್ಲ ಅಂದರೆ ಆ ಒಂದು ಸಾಲಿನ ಅಂಕಿ ತೆಗೆದು ಮತ್ತೆ ಕೊಡಿ. ನಿಮ್ಮ ಹಿಂದಿನವರು ಪರ್ಲ್ ಸ್ಕ್ರಿಪ್ಟ್ ಜೊತೆ ಇಂಥ ಒಂದು ಪಟ್ಟಿ ಬಿಟ್ಟುಹೋಗಿದ್ದರೆ ನೀವು ಇಷ್ಟು ಅಲೆಯಬೇಕಿರಲಿಲ್ಲ. ಸ್ಕ್ರಿಪ್ಟ್‌ನ ಮೊದಲ ಸಾಲುಗಳಲ್ಲಿ ಕಾಮೆಂಟ್ ಆಗಿ ಯಾವ ಆಪ್ಟ್ ಪ್ಯಾಕೇಜ್ ಬೇಕು ಅಂತ ಈಗ ನೀವೇ ಬರೆದಿಡಿ.

ನಾಳೆ ಬೆಳಿಗ್ಗೆ ಲಾಗ್ ತೆರೆದಾಗ ಹೊಸದಾಗಿ ಸೇರಿದ ಸಾಲುಗಳಲ್ಲಿ ಮೊದಲನೆಯದರಲ್ಲಿ ಕೆಆರ್‌ಎಸ್-ವೆನ್ವ್ ಅನ್ನುವ ವಿಳಾಸ ಇರಬೇಕು. ಇಲ್ಲದಿದ್ದರೆ ಲಾಗ್‌ನಲ್ಲಿ ಹೊಸದಾಗಿ ಸೇರಿದ ಮೊದಲ ಹತ್ತು ಸಾಲು, 'ಕ್ರಾನ್‌ಟ್ಯಾಬ್ -ಎಲ್' ಕೊಟ್ಟಾಗ ಬಂದದ್ದು, 'ಟೈಪ್ -ಎ ಪೈಥಾನ್3' ಕೊಟ್ಟಾಗ ಬಂದದ್ದು, ಈ ಮೂರನ್ನೂ ಬರೆದು ಕಳಿಸಿ. ನೋಡಿ ಹೇಳುತ್ತೇನೆ.